ಮೇಲುಕೋಟೆ ಏರಿನಲ್ಲಿ ಹೊಸ ಕಂಡೆನ್ಸರ್

ಜಕ್ಕನಹಳ್ಳಿಯಲ್ಲಿ ಹೆದ್ದಾರಿ ಬಿಟ್ಟು ಮೇಲುಕೋಟೆಯ ಕಡೆಗೆ ತಿರುಗಿದ ಹಳೆಯ ಕಾರಿಗೆ ಮುಂದಿನ ದಾರಿ ಸುಲಭದ್ದಲ್ಲ. ಶ್ರೀರಂಗಪಟ್ಟಣದಿಂದ ಪಾಂಡವಪುರ ದಾಟಿ ಅಲ್ಲಿಯವರೆಗೆ ನಾಲೆ, ಗದ್ದೆ, ಕಬ್ಬಿನ ತೋಟ. ಇಂಜಿನ್ನಿಗೆ ಅಷ್ಟೇನೂ ದಣಿವಿಲ್ಲ. ಬಂಡೆಗುಡ್ಡಗಳ ನಡುವೆ ರಸ್ತೆ ಏರತೊಡಗಿತೆಂದರೆ ಗೇರು ಇಳಿಸಬೇಕು, ಆಕ್ಸಿಲರೇಟರ್ ತುಳಿದೇ ಇರಬೇಕು. ವೇಗ ತಗ್ಗಿದ್ದರಿಂದ ರೇಡಿಯೇಟರಿಗೆ ಬಡಿಯುವ ಗಾಳಿ ಕಡಿಮೆ. ಒಳಗೆ ಉರಿಯುವ ಪೆಟ್ರೋಲು ಮಾತ್ರ ಹೆಚ್ಚು. ಅದರ ಮೇಲೆ ವೈರಮುಡಿ ಉತ್ಸವ ಬರುವುದು ಮಾರ್ಚ್–ಏಪ್ರಿಲ್ ಬಿಸಿಲಲ್ಲಿ. ಮಂಡ್ಯದ ಜಿಲ್ಲಾ ಖಜಾನೆಯಿಂದ ವೈರಮುಡಿ ಕಿರೀಟ ಹೊತ್ತ ವಾಹನ ದಾರಿಯ ಊರುಗಳಲ್ಲಿ ಪೂಜೆಗೆ ನಿಂತು ನಿಂತು ಬರುವ ಆ ದಿನ, ಭಕ್ತರ ಕಾರು, ವ್ಯಾನು, ಬಸ್ಸುಗಳು ಒಂದರ ಬೆನ್ನಿಗೆ ಒಂದು ತೆವಳುತ್ತ ಬೆಟ್ಟ ಏರುತ್ತವೆ. ಇಂಜಿನ್ ಕಾಯಲು ಹೇಳಿ ಮಾಡಿಸಿದ ದಾರಿ ಅದು.

ಅಂಬಾಸಿಡರ್, ಫಿಯೆಟ್‌ಗಳ ಕಾಲದಲ್ಲಿ ಇಂಥ ಏರಿನಲ್ಲಿ ನಿಂತುಹೋದ ಗಾಡಿಯ ಬಾನೆಟ್ ಎತ್ತಿದ ಅನುಭವಿ ಮೆಕ್ಯಾನಿಕ್ ಮೊದಲು ಇಂಜಿನ್ನಿನ ಸುದ್ದಿಗೇ ಹೋಗುತ್ತಿರಲಿಲ್ಲ. ಅವನ ಪ್ರಶ್ನೆ ಬೇರೆ: “ಮೊನ್ನೆ ಏನ್ ಹೊಸ್ದು ಹಾಕ್ಸುದ್ರಿ ಸಾ?”

ಗಾಡಿಯ ಒಡೆಯನಿಗೆ ಈ ಪ್ರಶ್ನೆ ವಿಚಿತ್ರವಾಗಿ ಕೇಳುತ್ತದೆ. ಉತ್ಸವಕ್ಕೆ ಹೊರಡುವ ಮುನ್ನ ತಾಪತ್ರಯ ಬೇಡವೆಂದು ಪಾಯಿಂಟು, ಕಂಡೆನ್ಸರ್, ಪ್ಲಗ್ ಎಲ್ಲವನ್ನೂ ಬದಲಿಸಿಕೊಂಡು ಬಂದಿದ್ದಾನೆ. ಹೊಸದು ಹಾಕಿಸಿದ್ದರಿಂದಲೇ ಆ ಭಾಗಗಳನ್ನು ಅವನು ಲೆಕ್ಕದಿಂದ ಹೊರಗಿಟ್ಟಿದ್ದಾನೆ. ಮೆಕ್ಯಾನಿಕ್ ಹುಡುಕಾಟ ಶುರು ಮಾಡುವುದೇ ಅಲ್ಲಿಂದ. ಹೊಸ ಭಾಗವನ್ನು ಮೊದಲು ಅನುಮಾನಿಸುವ ಈ ರೂಢಿ ಯಾವ ಪಠ್ಯಪುಸ್ತಕದಿಂದಲೂ ಬಂದದ್ದಲ್ಲ. ಬಿಡಿಭಾಗ ಎಲ್ಲಿಂದ ಬರುತ್ತದೆ, ಯಾರು ಮಾಡಿದ್ದು, ಯಾರು ಜವಾಬ್ದಾರರು ಎಂಬುದು ಹಳೆ ಮೈಸೂರು ಸೀಮೆಯಲ್ಲಿ ತಲೆಮಾರಿಗೊಮ್ಮೆ ಬದಲಾದ ಚರಿತ್ರೆಯಿಂದ ಬಂದದ್ದು.

ಮೊದಲ ತಲೆಮಾರಿನ ಕಾರುಗಳಿಗೆ ಈ ಗೊಡವೆ ಇರಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದಲ್ಲಿ ಓಡಾಡಿದ ಮೋಟಾರುಗಳೆಲ್ಲ ಹಡಗಿನಲ್ಲಿ ಬಂದವು. ಮೈಸೂರು ಅರಮನೆ ರೋಲ್ಸ್ ರಾಯ್ಸ್ ಕಾರುಗಳನ್ನು ಏಳೇಳರ ಗುಂಪಿನಲ್ಲಿ ಕೊಳ್ಳುತ್ತಿತ್ತೆಂಬ ಮಾತು ಆ ಕಂಪನಿಯ ದಂತಕಥೆಯಾಗಿ ಇಂದಿಗೂ ಉಳಿದಿದೆ. ಕಾರು ಮಾಡಿದವರೇ ಬಿಡಿಭಾಗವನ್ನೂ ಕಳಿಸುತ್ತಿದ್ದರು. ತಿಂಗಳುಗಟ್ಟಲೆ ಕಾಯಬೇಕಿತ್ತು, ಕೈತುಂಬ ಹಣ ತೆರಬೇಕಿತ್ತು. ಆದರೆ ಪೆಟ್ಟಿಗೆ ಒಡೆದಾಗ ಒಳಗಿದ್ದದ್ದು ಸರಿಯಾಗಿಯೇ ಇರುತ್ತದೆಂಬ ನಂಬಿಕೆಗೆ ಭಂಗ ಬರುವುದು ಅಪರೂಪವಾಗಿತ್ತು. ಮೇಲುಕೋಟೆಗೆ ಬರುವ ಸಾಮಾನ್ಯ ಭಕ್ತರಿಗೆ ಆಗ ಕಾರಿನ ಮಾತೇ ಇಲ್ಲ. ಬೆಂಗಳೂರು–ಮೈಸೂರು ರೈಲು ದಾರಿಯಲ್ಲಿ ಫ್ರೆಂಚ್ ರಾಕ್ಸ್ ಎಂದು ಹೆಸರಾಗಿದ್ದ, ಇಂದಿನ ಪಾಂಡವಪುರದ ನಿಲ್ದಾಣದಲ್ಲಿ ಇಳಿದು ಎತ್ತಿನ ಗಾಡಿ ಹಿಡಿಯಬೇಕು, ಇಲ್ಲವೇ ನಡೆಯಬೇಕು.

ಎರಡನೇ ಮಹಾಯುದ್ಧ ಈ ಏರ್ಪಾಟನ್ನು ಬುಡಮೇಲು ಮಾಡಿತು. ಪೆಟ್ರೋಲಿಗೆ ರೇಷನ್ ಬಂತು. 1942ರಲ್ಲಿ ಮಲಯ ಜಪಾನಿನ ಕೈಸೇರಿದ ಮೇಲೆ ರಬ್ಬರು ಸಿಗದೆ ಟೈರಿಗೆ ಬರ ಬಂತು. ಬಸ್ಸುಗಳ ಬೆನ್ನಿಗೆ ದೊಡ್ಡ ಉರುಳೆಯಂಥ ಒಲೆ ಕಟ್ಟಿ, ಇದ್ದಿಲು ತುಂಬಿ, ಅದರ ಅನಿಲದಿಂದ ಇಂಜಿನ್ ಓಡಿಸಿದರು. ಬೆಳಗ್ಗೆ ಬಸ್ಸು ಹೊರಡಬೇಕಾದರೆ ಕ್ಲೀನರ್ ಅದಕ್ಕಿಂತ ಎಷ್ಟೋ ಮೊದಲು ಎದ್ದು ಒಲೆಗೆ ಗಾಳಿ ಹೊಡೆಯಬೇಕಿತ್ತು. ಏರು ಬಂದ ಕಡೆ ಪ್ರಯಾಣಿಕರು ಇಳಿದು ತಳ್ಳಬೇಕಿತ್ತು. ಹೊಸ ಬಿಡಿಭಾಗವೆಂಬುದೇ ಇಲ್ಲದ ಕಾಲ. ಬುಶ್ಶನ್ನು ಲೇತಿನಲ್ಲಿ ಕಡೆದುಕೊಳ್ಳಬೇಕು, ಗ್ಯಾಸ್ಕೆಟ್ಟನ್ನು ದಪ್ಪ ಕಾಗದದಲ್ಲೋ ಕಾರ್ಕಿನಲ್ಲೋ ಕತ್ತರಿಸಿಕೊಳ್ಳಬೇಕು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಲಾರಿ, ಜೀಪುಗಳೂ ಅವುಗಳ ಸಾಮಾನೂ ಗುಜರಿ ಅಂಗಡಿಗಳನ್ನು ತುಂಬಿದವು. ಈ ವರ್ಷಗಳಲ್ಲಿ ಕೆಲಸ ಕಲಿತವರಿಗೆ ಒಂದು ಗುಣ ಮೈಗೂಡಿತು: ಗಾಡಿಯಿಂದ ಬಿಚ್ಚಿದ್ದನ್ನು ಎಸೆಯಬಾರದು. ಸವೆದ ಭಾಗ ಎಷ್ಟು ಸವೆದಿದೆ, ಇನ್ನೆಷ್ಟು ದಿನ ಬಾಳೀತು ಎಂಬುದು ಅವರಿಗೆ ಬೆರಳ ತುದಿಯಲ್ಲೇ ತಿಳಿಯುತ್ತಿತ್ತು. ಪೆಟ್ಟಿಗೆಯಿಂದ ಬಂದ ಹೊಸದರ ಬಗ್ಗೆ ಅಂಥ ತಿಳಿವಳಿಕೆ ಸಾಧ್ಯವಿರಲಿಲ್ಲ.

ಇದೇ ಹೊತ್ತಿನಲ್ಲಿ ಮೈಸೂರು ಸಂಸ್ಥಾನದ ಕೈಗೆ ಬಂದ ಒಂದು ಅವಕಾಶ ತಪ್ಪಿಹೋಯಿತು. ದಿವಾನಗಿರಿ ಬಿಟ್ಟು ಹದಿನೈದು ವರ್ಷಕ್ಕೂ ಹೆಚ್ಚು ಕಳೆದಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯೂರೋಪು, ಅಮೆರಿಕಗಳ ಮೋಟಾರು ಕಾರ್ಖಾನೆಗಳನ್ನು ನೋಡಿ ಬಂದು, ಭಾರತದಲ್ಲಿ ಕಾರು ತಯಾರಿಸುವ ಯೋಜನೆ ಬರೆದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅದರ ಬೆನ್ನಿಗೆ ನಿಂತರು. ಅಮೆರಿಕದ ಕ್ರೈಸ್ಲರ್ ಕಂಪನಿಯೊಡನೆ ಮಾತಾಯಿತು. ಕಾರ್ಖಾನೆಯನ್ನು ಬೆಂಗಳೂರಿನಲ್ಲಿ ತೆರೆಯಲು ಮೈಸೂರು ಸರ್ಕಾರ ನೆರವು ಕೊಡಲು ಮುಂದಾಯಿತು. ಬ್ರಿಟಿಷ್ ಭಾರತ ಸರ್ಕಾರ ಒಪ್ಪಲಿಲ್ಲ. ಅದೇ ವಾಲ್‌ಚಂದ್, ಅದೇ ಮೈಸೂರು ಸರ್ಕಾರ ಸೇರಿ 1940ರ ಡಿಸೆಂಬರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಟ್ಟಿದ್ದರಿಂದ ಬೆಂಗಳೂರಿಗೆ ವಿಮಾನ ಬಂತು, ಕಾರು ಬರಲಿಲ್ಲ. ವಾಲ್‌ಚಂದರ ಪ್ರೀಮಿಯರ್ ಆಟೊಮೊಬೈಲ್ಸ್ 1944ರಲ್ಲಿ ಮುಂಬೈಯಲ್ಲಿ ಶುರುವಾಯಿತು. ಕಾರ್ಖಾನೆಯ ಸುತ್ತ ಬಿಡಿಭಾಗಗಳ ಊರೊಂದು ಬೆಳೆಯುತ್ತದೆ, ಬರಿಗಣ್ಣಿಗೆ ಕಾಣದ ಅಳತೆ ಹಿಡಿಯುವ ಕೈಗಳು ತಯಾರಾಗುತ್ತವೆ. ಅದು ಇಲ್ಲಿ ಆಗಿದ್ದರೆ ಮಂಡ್ಯ, ಮೈಸೂರಿನ ಗ್ಯಾರೇಜುಗಳಿಗೆ ಬರುವ ಸಾಮಾನಿನ ಕಥೆ ಬೇರೆಯದೇ ಆಗುತ್ತಿತ್ತು.

ಸ್ವಾತಂತ್ರ್ಯದ ನಂತರ ಪೂರ್ತಿ ತಯಾರಾದ ಕಾರುಗಳ ಆಮದು ನಿಂತಿತು. ಇಲ್ಲೇ ತಯಾರಿಸುವ ಯೋಜನೆ ಇದ್ದವರಿಗೆ ಮಾತ್ರ ಅವಕಾಶವೆಂದು 1953ರಲ್ಲಿ ಸರ್ಕಾರ ಹೇಳಿದ ಮೇಲೆ ಜನರಲ್ ಮೋಟಾರ್ಸ್, ಫೋರ್ಡ್ ಎರಡೂ ಗಂಟುಮೂಟೆ ಕಟ್ಟಿದವು. ಉಳಿದದ್ದು ಮುಖ್ಯವಾಗಿ ಹಿಂದೂಸ್ತಾನ್ ಮೋಟಾರ್ಸ್‌ನ ಅಂಬಾಸಿಡರ್, ಪ್ರೀಮಿಯರ್‌ನ ಫಿಯೆಟ್. ಒಳ್ಳೆಯ ಬಿಡಿಭಾಗಗಳೂ ದೇಶದಲ್ಲೇ ತಯಾರಾಗತೊಡಗಿದವು. ಜರ್ಮನಿಯ ಬಾಷ್ ಕಂಪನಿಯ ಸಹಯೋಗದಲ್ಲಿ 1951ರಲ್ಲಿ ಹುಟ್ಟಿದ ಮೈಕೊ ಬೆಂಗಳೂರಿನ ಆಡುಗೋಡಿಯಲ್ಲಿ ಸ್ಪಾರ್ಕ್ ಪ್ಲಗ್, ಡೀಸೆಲ್ ಪಂಪು ಮಾಡಿತು. ಮದರಾಸಿನಲ್ಲಿ 1961ರಲ್ಲಿ ಲ್ಯೂಕಾಸ್–ಟಿವಿಎಸ್ ಶುರುವಾಗಿ ಡೈನಮೊ, ಸೆಲ್ಫು, ಡಿಸ್ಟ್ರಿಬ್ಯೂಟರ್‌ಗಳನ್ನು ಕೊಟ್ಟಿತು. ಈ ಹೆಸರುಗಳನ್ನು ಮೆಕ್ಯಾನಿಕ್‌ಗಳು ದೇವರ ಹೆಸರಿನಂತೆ ಗೌರವದಿಂದ ಹೇಳುತ್ತಿದ್ದರು.

ಆದರೆ ಬೇಡಿಕೆ ಹೆಚ್ಚು, ಪೂರೈಕೆ ಕಡಿಮೆ. ಹೊಸ ಕಾರಿಗೆ ವರ್ಷಗಟ್ಟಲೆ ಕಾಯಬೇಕಿದ್ದ ದೇಶದಲ್ಲಿ ಇದ್ದ ಕಾರನ್ನೇ ಮೂವತ್ತು ವರ್ಷ ಓಡಿಸಬೇಕಿತ್ತು. ಆ ಹಸಿವನ್ನು ತುಂಬಲು ದೇಶದ ತುಂಬ ಸಣ್ಣ ಘಟಕಗಳು ಎದ್ದವು. ಸಣ್ಣ ಕೈಗಾರಿಕೆಗೆಂದೇ ಸರ್ಕಾರ ಕಾದಿರಿಸಿದ ವಸ್ತುಗಳ ಪಟ್ಟಿಯಲ್ಲಿ ವಾಹನದ ಬಿಡಿಭಾಗಗಳೂ ಸೇರಿದವು. ಅವರಲ್ಲಿ ಶ್ರದ್ಧೆಯಿಂದ ಮಾಡಿದವರು ಬಹಳ ಮಂದಿ. ಕೆಲವರು ಮುಂದೆ ದೊಡ್ಡ ಕಂಪನಿಗಳೇ ಆದರು. ಅದರ ಜೊತೆಜೊತೆಗೇ ಇನ್ನೊಂದು ಸಂತೆಯೂ ಬೆಳೆಯಿತು. ಹೆಸರಾಂತ ಕಂಪನಿಯ ಡಬ್ಬಿಯನ್ನೇ ಹೋಲುವ ಡಬ್ಬಿ, ಒಂದಕ್ಷರ ಆಚೀಚೆ ಮಾಡಿದ ಹೆಸರು, ಕೆಲವೊಮ್ಮೆ ಗುಜರಿಯಿಂದ ಆರಿಸಿದ ನಿಜವಾದ ಡಬ್ಬಿಯೊಳಗೇ ಬೇರೆ ಮಾಲು. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿ ಸಾಲಿನಲ್ಲಿ ನಿಂತು ಒಂದು ಸಾಮಾನು ಕೇಳಿದರೆ ಕೌಂಟರಿನ ಹುಡುಗ ಎದುರು ಕೇಳುತ್ತಿದ್ದ: ಕಂಪನಿದಾ, ಲೋಕಲ್ಲಾ? ಹೀಗೆ ಬಾಯಿಬಿಟ್ಟು ಕೇಳುವ ಅಂಗಡಿಯವನು ಪ್ರಾಮಾಣಿಕ. ಕೇಳದೆ ಕೊಡುವವನಿಂದ ತೊಂದರೆ. ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದಂಥ ಊರಿನ ಗ್ಯಾರೇಜಿಗೆ ಸಾಮಾನು ಮೈಸೂರೋ ಬೆಂಗಳೂರೋ ದಾಟಿ, ಒಂದೆರಡು ಕೈ ಬದಲಾಗಿ ಬರುವ ಹೊತ್ತಿಗೆ ಅದರ ಮೂಲ ಯಾವುದೆಂದು ಹೇಳುವವರೇ ಇರುತ್ತಿರಲಿಲ್ಲ.

ಈ ಇಡೀ ಕಥೆಯನ್ನು ತನ್ನೊಳಗೆ ಇಟ್ಟುಕೊಂಡಿರುವ ಭಾಗವೆಂದರೆ ಕಂಡೆನ್ಸರ್. ಹೆಬ್ಬೆರಳಿನ ಗಾತ್ರಕ್ಕಿಂತ ಚಿಕ್ಕದಾದ ಲೋಹದ ಕೊಳವೆ, ಒಂದು ತುಂಡು ತಂತಿ. ಬೆಲೆಯಲ್ಲಿ ಗಾಡಿಯ ಅತ್ಯಂತ ಅಗ್ಗದ ಸಾಮಾನುಗಳಲ್ಲೊಂದು. ಮೆಕ್ಯಾನಿಕ್‌ಗಳು ‘ಡೆಲ್ಕೊ’ ಎಂದೇ ಕರೆಯುವ ಡಿಸ್ಟ್ರಿಬ್ಯೂಟರ್‌ನೊಳಗೆ ಅದರ ವಾಸ. ಇಂಜಿನ್ ತಿರುಗುವಾಗ ಪಾಯಿಂಟುಗಳು ಕೂಡುತ್ತವೆ, ಬಿಡುತ್ತವೆ. ಬಿಟ್ಟ ಕ್ಷಣದಲ್ಲಿ ಕಾಯಿಲ್‌ನ ಪ್ರೈಮರಿ ಸುತ್ತಿನ ವಿದ್ಯುತ್ತು ತಟ್ಟನೆ ಕಡಿದುಹೋಗಬೇಕು. ಆಗಲೇ ಸೆಕೆಂಡರಿ ಸುತ್ತಿನಲ್ಲಿ ಸಾವಿರಾರು ವೋಲ್ಟು ಎದ್ದು ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರುತ್ತದೆ. ಆದರೆ ಹರಿಯುತ್ತಿದ್ದ ವಿದ್ಯುತ್ತು ಪಾಯಿಂಟುಗಳ ನಡುವೆಯೇ ಹಾರಿ ಮುಂದುವರಿಯಲು ನೋಡುತ್ತದೆ. ಆ ಕ್ಷಣಕ್ಕೆ ಅದನ್ನು ತನ್ನೊಳಗೆ ಎಳೆದುಕೊಂಡು ತಡೆಯುವುದು ಕಂಡೆನ್ಸರ್‌ನ ಕೆಲಸ. ಅದು ಕೈಕೊಟ್ಟರೆ ಕಿಡಿ ಪ್ಲಗ್ಗಿನಲ್ಲಿ ಹಾರುವ ಬದಲು ಪಾಯಿಂಟಿನಲ್ಲೇ ಉರಿದು ತೀರುತ್ತದೆ.

ಚೆನ್ನಾಗಿ ಮಾಡಿದ ಕಂಡೆನ್ಸರ್‌ನಲ್ಲಿ ಲೋಹದ ತೆಳು ಹಾಳೆಗಳ ನಡುವೆ ನಿರೋಧಕ ಹಾಳೆ ಇಟ್ಟು ಸುರುಳಿ ಸುತ್ತಿರುತ್ತಾರೆ. ತಂತಿಯನ್ನು ಹಾಳೆಗೆ ಬಿಗಿಯಾಗಿ ಬೆಸೆದಿರುತ್ತಾರೆ. ತೇವ ಸೇರದಂತೆ ಬಾಯಿ ಮುಚ್ಚಿರುತ್ತಾರೆ. ಅಗ್ಗದ್ದರಲ್ಲಿ ಬೆಸುಗೆಯೇ ಇಲ್ಲದೆ ತಂತಿಯನ್ನು ಸುರುಳಿಗೆ ಒತ್ತಿ ಕೂರಿಸಿರುತ್ತಾರೆ. ತಣ್ಣಗಿದ್ದಾಗ ಎರಡೂ ಒಂದೇ. ಮೀಟರ್ ಹಿಡಿದರೆ ಎರಡೂ 0.2 ಮೈಕ್ರೊಫ್ಯಾರಡ್ ಆಸುಪಾಸು ತೋರಿಸುತ್ತವೆ. ಗ್ಯಾರೇಜಿನಲ್ಲಿ ಗಾಡಿ ಒಂದೇ ಸೆಲ್ಫಿಗೆ ಹಿಡಿಯುತ್ತದೆ, ಊರೊಳಗೆ ಒಂದು ಸುತ್ತು ಹಾಕಿದರೂ ಏನೂ ಗೊತ್ತಾಗುವುದಿಲ್ಲ. ಇಂಜಿನ್ನಿನ ಕಾವು ಡೆಲ್ಕೊಗೆ ಹತ್ತಿ ಕೊಳವೆ ಹಿಗ್ಗಿದಾಗ ಆ ಒತ್ತುಸಂಪರ್ಕ ಕೂದಲೆಳೆಯಷ್ಟು ಬಿಡುತ್ತದೆ. ಮೊದಲು ಮಿಸ್ಸಿಂಗ್, ಆಮೇಲೆ ಎಳೆತ ಇಲ್ಲ, ಕೊನೆಗೆ ಗಾಡಿ ಆಫ್. ಅರ್ಧ ಗಂಟೆ ನೆರಳಲ್ಲಿ ನಿಲ್ಲಿಸಿದರೆ ಏನೂ ಆಗಿಯೇ ಇಲ್ಲವೆಂಬಂತೆ ಮತ್ತೆ ಸ್ಟಾರ್ಟ್. ಸಮತಟ್ಟು ದಾರಿಯಲ್ಲಿ ಬಚ್ಚಿಟ್ಟುಕೊಂಡಿದ್ದ ದೋಷ ಮೇಲುಕೋಟೆಯ ಏರಿನಲ್ಲಿ ಬಯಲಾಗುವುದಕ್ಕೆ ಕಾರಣ ಇದೇ.

ಇದನ್ನು ಪತ್ತೆಹಚ್ಚುವುದು ಕಷ್ಟವಾಗುವುದು ಇದೇ ಲಕ್ಷಣ ತೋರುವ ಇನ್ನೊಂದು ಕಾಯಿಲೆ ಇರುವುದರಿಂದ. ಬಿಸಿಲಿಗೂ ಇಂಜಿನ್ನಿನ ಕಾವಿಗೂ ಪೈಪಿನೊಳಗಿನ ಪೆಟ್ರೋಲು ಆವಿಯಾಗಿ ಪಂಪು ಸೇದದೆ ಹೋಗುವುದುಂಟು. ಟ್ಯಾಕ್ಸಿ ಚಾಲಕರು ಅಂಬಾಸಿಡರ್‌ನ ಪೆಟ್ರೋಲ್ ಪಂಪಿಗೆ ಒದ್ದೆ ಬಟ್ಟೆ ಸುತ್ತುತ್ತಿದ್ದದ್ದು ಅದಕ್ಕೇ. ಅಲ್ಲೂ ಬಿಸಿಯಾದಾಗ ನಿಲ್ಲುತ್ತದೆ, ಆರಿದಾಗ ಓಡುತ್ತದೆ. ಗಾಡಿ ತಣ್ಣಗಾದ ಮೇಲೆ ನೋಡಿದರೆ ಎರಡಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಆದ್ದರಿಂದ ಬಲ್ಲವರು ನಿಂತ ಕೂಡಲೇ, ಬಿಸಿ ಇರುವಾಗಲೇ ನೋಡುತ್ತಿದ್ದರು. ಕಾಯಿಲ್‌ನಿಂದ ಬರುವ ದಪ್ಪ ವೈರನ್ನು ಡೆಲ್ಕೊ ಮುಚ್ಚಳದಿಂದ ಕಿತ್ತು, ತುದಿಯನ್ನು ಇಂಜಿನ್ನಿನ ಲೋಹಕ್ಕೆ ಹತ್ತಿರ ಹಿಡಿದು ಸೆಲ್ಫು ಹೊಡೆಸುತ್ತಿದ್ದರು. ನೀಲಿ ಬಣ್ಣದ, ಚಟ್ ಎಂದು ಸದ್ದು ಮಾಡುವ ಕಿಡಿ ಬಂದರೆ ತೊಂದರೆ ಪೆಟ್ರೋಲಿನ ಕಡೆ. ಹಳದಿಯಾಗಿ ತೆಳ್ಳಗೆ ಬಂದರೆ, ಅಥವಾ ಬರದೇ ಹೋದರೆ, ಮುಚ್ಚಳ ತೆಗೆದು ಪಾಯಿಂಟುಗಳನ್ನು ನೋಡಬೇಕು. ಅವು ಬಿಡುವಾಗಲೆಲ್ಲ ನಡುವೆ ಢಾಳಾಗಿ ಬೆಳಕು ಮಿಂಚಿದರೆ ಕಂಡೆನ್ಸರ್ ಕೆಲಸ ಮಾಡುತ್ತಿಲ್ಲ. ಕೆಲವು ನೂರು ಕಿಲೋಮೀಟರ್ ಓಡಿದ ಗಾಡಿಯಾದರೆ ಪಾಯಿಂಟಿನ ಮುಖವೇ ಸಾಕ್ಷಿ ಹೇಳುತ್ತದೆ: ಒಂದು ಕಡೆ ಗುಳಿ, ಎದುರಿನದರ ಮೇಲೆ ಸಣ್ಣ ಗುಡ್ಡೆ.

ಮುಂದಿನ ಹೆಜ್ಜೆಯಲ್ಲಿ ಆ ಕಾಲದ ಮೆಕ್ಯಾನಿಕ್‌ಗಳ ಬುದ್ಧಿ ಕಾಣುತ್ತದೆ. ಅವರು ಹೊಸ ಕಂಡೆನ್ಸರ್ ತೆಗೆದು ಇನ್ನೊಂದು ಹೊಸದನ್ನು ಹಾಕುತ್ತಿರಲಿಲ್ಲ. ಅದೇ ಅಂಗಡಿಯ ಅದೇ ಡಬ್ಬಿಯಿಂದ ಬಂದ ಎರಡನೆಯದೂ ಹಾಗೆಯೇ ಇರಬಹುದಲ್ಲ! ಓಡುತ್ತಿದ್ದ ಗಾಡಿಯಿಂದ ತೆಗೆದ ಹಳೆಯ ಕಂಡೆನ್ಸರ್ ಒಂದು ಅವರ ಪೆಟ್ಟಿಗೆಯಲ್ಲಿ ಇದ್ದೇ ಇರುತ್ತಿತ್ತು. ಅದರ ತಂತಿಯನ್ನು ಕಾಯಿಲ್‌ನಿಂದ ಪಾಯಿಂಟಿಗೆ ಹೋಗುವ ತಿರುಪಿಗೆ ಸಿಕ್ಕಿಸಿ, ಕೊಳವೆಯನ್ನು ಬಾಡಿಯ ಲೋಹಕ್ಕೆ ತಾಗಿಸಿದರೆ ಸಾಕು, ಡೆಲ್ಕೊ ಬಿಚ್ಚುವುದೇ ಬೇಡ. ಒಳಗಿನದರ ಸಂಪರ್ಕ ಬಿಟ್ಟಿದ್ದರೆ ಹೊರಗಿನದು ಅದರ ಕೆಲಸ ವಹಿಸಿಕೊಳ್ಳುತ್ತದೆ, ಗಾಡಿ ಮೇಲುಕೋಟೆ ಮುಟ್ಟುತ್ತದೆ. ಕೆಲವರು ಆಮೇಲೆಯೂ ಅದನ್ನು ಹೊರಗೇ, ಕಾವಿನಿಂದ ದೂರ ಬಿಗಿದು ಬಿಟ್ಟುಬಿಡುತ್ತಿದ್ದರು. ನೋಡಲು ಚೆಂದವಿಲ್ಲ, ಆದರೆ ವರ್ಷಗಟ್ಟಲೆ ಓಡುತ್ತದೆ.

ಒಂದೇ ಸಲಕ್ಕೆ ನಾಲ್ಕು ಭಾಗ ಬದಲಿಸಿದ ಗಾಡಿ ಬಂದರೆ ಮಾತ್ರ ಅವರಿಗೂ ಬೇಸರ. ಟ್ಯೂನಿಂಗ್ ಹೆಸರಿನಲ್ಲಿ ಪಾಯಿಂಟು, ಕಂಡೆನ್ಸರ್, ರೋಟರ್, ಪ್ಲಗ್ ಎಲ್ಲ ಒಟ್ಟಿಗೆ ಹಾಕಿಸಿ, ಹಳೆಯವನ್ನು ಅಲ್ಲೇ ಎಸೆದು ಬಂದವನಿಗೆ ಹಿಂದಿರುಗಲು ದಾರಿಯೇ ಉಳಿದಿರುವುದಿಲ್ಲ. ಒಂದು ಬದಲಿಸು, ಓಡಿಸಿ ನೋಡು, ಆಮೇಲೆ ಇನ್ನೊಂದು ಎನ್ನುವ ನಿಧಾನ ಕ್ರಮ ದುಬಾರಿಯಂತೆ ಕಂಡರೂ ಕೊನೆಗೆ ಅದೇ ಅಗ್ಗ.

ಡೆಲ್ಕೊ ಒಳಗಿನ ಕಡ್ಡಿಯ ಮೇಲೆ ಕೂತು ತಿರುಗುತ್ತ ಪ್ಲಗ್ಗುಗಳಿಗೆ ಕಿಡಿ ಹಂಚುವ ರೋಟರ್‌ನದೂ ಇಂಥದೇ ಕಥೆ, ಮತ್ತು ಅದು ಈ ಸೀಮೆಗಷ್ಟೇ ಸೇರಿದ್ದಲ್ಲ. ಅಂಬಾಸಿಡರ್‌ನ ತಾಯಿಬೇರು ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್. ಅದರ ಕಿಡಿವ್ಯವಸ್ಥೆ ಲ್ಯೂಕಾಸ್‌ನದು. ಬ್ರಿಟನ್ನಿನಲ್ಲಿ ಹಳೆಯ ಕಾರುಗಳನ್ನು ಪ್ರೀತಿಯಿಂದ ಓಡಿಸುವವರು ಈಚಿನ ದಶಕಗಳಲ್ಲಿ ಇದೇ ಕಾಟ ಪಟ್ಟಿದ್ದಾರೆ. ಅಗ್ಗದ ಹೊಸ ರೋಟರ್‌ಗಳಲ್ಲಿ ಹಿತ್ತಾಳೆಯ ತಗಡನ್ನು ಹಿಡಿದಿಡುವ ರಿವೆಟ್ಟು ಕೆಳಗಿನ ಕಡ್ಡಿಗೆ ತೀರ ಹತ್ತಿರ ಇಳಿದಿರುತ್ತದೆ, ಪ್ಲಾಸ್ಟಿಕ್ಕಿನಲ್ಲೂ ಇಂಗಾಲ ಹೆಚ್ಚಿರುತ್ತದೆ. ಕಿಡಿ ಪ್ಲಗ್ಗಿಗೆ ಹೋಗದೆ ರೋಟರ್‌ನ ಮೈಯನ್ನೇ ತೂರಿ ಕಡ್ಡಿಗೆ ಇಳಿಯುತ್ತದೆ. ಕಣ್ಣಿಗೆ ಏನೂ ಕಾಣದು. ಕಾಯಿಲ್ ವೈರಿನ ತುದಿಯನ್ನು ರೋಟರ್‌ನ ನೆತ್ತಿಯ ಮೇಲೆ ತುಸು ದೂರದಲ್ಲಿ ಹಿಡಿದು ಸೆಲ್ಫು ಹೊಡೆದಾಗ ಅದರ ಮೇಲೆ ಕಿಡಿ ಹಾರಿದರೆ ರೋಟರ್ ಸೋರುತ್ತಿದೆ ಎಂದರ್ಥ. ಒಳ್ಳೆಯ ರೋಟರ್‌ಗೆ ಕಿಡಿ ಹಾರಲು ಅಲ್ಲಿ ದಾರಿಯೇ ಇರುವುದಿಲ್ಲ. ಬರ್ಮಿಂಗ್‌ಹ್ಯಾಮಿನಲ್ಲಿ ಕಲಿತರೂ ಪಾಂಡವಪುರದಲ್ಲಿ ಕಲಿತರೂ ಪರೀಕ್ಷೆ ಇದೇ.

ಹೊಸದು ಹಾಕಿದ ಕೂಡಲೇ ಕೆಡುವುದು ಬರೀ ನಕಲಿ ಮಾಲಿನ ಸಮಸ್ಯೆಯೂ ಅಲ್ಲ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ವಾಯುಪಡೆಗೆ ಸಲಹೆಗಾರರಾಗಿದ್ದ ಜೀವವಿಜ್ಞಾನಿ ಸಿ.ಎಚ್. ವ್ಯಾಡಿಂಗ್ಟನ್ ಕರಾವಳಿ ಕಾವಲಿನ ವಿಮಾನಗಳ ರಿಪೇರಿ ಲೆಕ್ಕ ತೆಗೆದರು. ಐವತ್ತು ಗಂಟೆ ಹಾರಾಟಕ್ಕೊಮ್ಮೆ ಪ್ರತಿ ವಿಮಾನಕ್ಕೂ ಸರ್ವಿಸ್ ಆಗುತ್ತಿತ್ತು. ದಿಢೀರ್ ರಿಪೇರಿಗಳು ಸರ್ವಿಸ್ ಮುಗಿದ ಬೆನ್ನಿಗೇ ಅತಿ ಹೆಚ್ಚು, ಆಮೇಲೆ ದಿನ ಕಳೆದಂತೆ ಕಡಿಮೆ. ಸರ್ವಿಸ್‌ಗಳ ನಡುವಿನ ಅಂತರ ಹೆಚ್ಚಿಸಿದಾಗ ವಿಮಾನಗಳು ಹಾರುವ ಗಂಟೆಗಳೇ ಹೆಚ್ಚಿದವು. 1978ರಲ್ಲಿ ಅಮೆರಿಕದ ಯುನೈಟೆಡ್ ಏರ್‌ಲೈನ್ಸ್‌ನ ನೌಲನ್ ಮತ್ತು ಹೀಪ್ ಎಂಬ ಎಂಜಿನಿಯರುಗಳು ತಮ್ಮ ವರದಿಯಲ್ಲಿ ಇದನ್ನೇ ಇನ್ನಷ್ಟು ವಿವರವಾಗಿ ತೋರಿಸಿದರು: ಅವರು ಪರಿಶೀಲಿಸಿದ ವಿಮಾನದ ಭಾಗಗಳಲ್ಲಿ 68% ಹಾಕಿದ ಹೊಸತರಲ್ಲೇ ಕೆಡುವ ಸಂಭವ ಹೆಚ್ಚು, ಆ ಗಂಡಾಂತರ ದಾಟಿದರೆ ಬಹುಕಾಲ ಬಾಳುವಂಥವು. ಗ್ಯಾರೇಜಿನ ಹಳಬರು ಅಂಕಿಸಂಖ್ಯೆ ಇಲ್ಲದೆ ತಿಳಿದಿದ್ದದ್ದು ಇದೇ. ಟ್ಯಾಕ್ಸಿಯವರು ವೈರಮುಡಿಯ ಹಿಂದಿನ ದಿನ ಗಾಡಿ ಮುಟ್ಟಿಸದೆ, ಹದಿನೈದು ದಿನ ಮೊದಲೇ ಕೆಲಸ ಮಾಡಿಸಿ ನಾಲ್ಕು ಬಾಡಿಗೆ ಓಡಿಸಿ ನೋಡಿಕೊಳ್ಳುವುದರಲ್ಲಿ ದೊಡ್ಡ ವಿವೇಕವಿದೆ.

ಕಾರ್ಖಾನೆಯೇ ಮುಚ್ಚಿಹೋದಾಗ ಏನಾಗುತ್ತದೆಂಬುದಕ್ಕೆ ಮೈಸೂರಿನಲ್ಲೇ ಒಂದು ಉದಾಹರಣೆ ಇದೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜಾವಾ, ಆಮೇಲೆ ಯೆಜ್ಡಿ ಬೈಕುಗಳನ್ನು ಮಾಡಿತು. ಮಂಡ್ಯ ಜಿಲ್ಲೆಯ ಹಳ್ಳಿ ರಸ್ತೆಗಳಲ್ಲಿ ಎರಡು ಸೈಲೆನ್ಸರ್‌ನ ಆ ಬೈಕಿನ ಸದ್ದು ದೂರದಿಂದಲೇ ಗುರುತು ಸಿಗುತ್ತಿತ್ತು. ಕಾರ್ಖಾನೆ ಹತ್ತಿರವೇ ಇದ್ದದ್ದರಿಂದ ಸಾಮಾನಿಗೆ ಕೊರತೆ ಇರಲಿಲ್ಲ. 1996ರಲ್ಲಿ ಬಾಗಿಲು ಮುಚ್ಚಿತು. ಬೈಕುಗಳು ಮಾತ್ರ ಓಡುತ್ತಲೇ ಇದ್ದವು. ಹಳೆಯ ದಾಸ್ತಾನು ಕರಗಿದ ಮೇಲೆ ಬಂದದ್ದು ಯಾರೋ ಎಲ್ಲೋ ಅಚ್ಚು ನೋಡಿ ಮಾಡಿದ ಸಾಮಾನು. ನೋಡಲು ಒಂದೇ ತೆರನಾದ ಎರಡು ಪಿಸ್ಟನ್‌ಗಳಲ್ಲಿ ಒಂದು ಕಾವಿಗೆ ಹೆಚ್ಚು ಹಿಗ್ಗಿ ಬೋರಿನಲ್ಲಿ ಹಿಡಿದುಕೊಳ್ಳುತ್ತದೆ. ಪಾಯಿಂಟಿನ ಹಿಮ್ಮಡಿಯಲ್ಲಿರುವ ಫೈಬರ್ ಮೆತ್ತಗಿದ್ದರೆ ಬೇಗ ಸವೆದು, ಫೀಲರ್ ಗೇಜ್ ಹಿಡಿದು ಕೂರಿಸಿದ ಗ್ಯಾಪು ಕೆಲವೇ ದಿನದಲ್ಲಿ ಮುಚ್ಚಿಹೋಗಿ ಟೈಮಿಂಗ್ ತಪ್ಪುತ್ತದೆ. ಹಳೆಯ ದಾಸ್ತಾನಿನ, ಕಾರ್ಖಾನೆಯ ಮುದ್ರೆಯಿದ್ದ ಒಂದು ಪೊಟ್ಟಣಕ್ಕೆ ಜಾವಾ ಪ್ರಿಯರು ಮೂಲ ಬೆಲೆಯ ಹಲವು ಪಟ್ಟು ತೆರಲು ಸಿದ್ಧರಾದದ್ದು ಬರೀ ಹಳೆಯ ನೆನಪಿನ ಮೋಹದಿಂದಲ್ಲ.

ಕಿಡಿ ಕೈಕೊಟ್ಟರೆ ಗಾಡಿ ನಿಲ್ಲುತ್ತದೆ, ಅಷ್ಟೇ. ಬ್ರೇಕಿನ ಹೊಸ ಸಾಮಾನು ಕೆಟ್ಟದಾಗಿದ್ದರೆ ಬೆಟ್ಟ ಇಳಿಯುವಾಗ ಪ್ರಾಣಕ್ಕೇ ಸಂಚಕಾರ. ಕಳಪೆ ಲೈನಿಂಗು ಕಾದಾಗ ಹಿಡಿತ ಬಿಡುತ್ತದೆ. ಏರುವಾಗ ಯಾರಿಗೂ ತಿಳಿಯದ ಈ ದೋಷ ಇಳಿಜಾರಿನ ಅರ್ಧದಲ್ಲಿ ತಿಳಿಯುತ್ತದೆ. ಇನ್ನೂ ಮೋಸದ್ದು ಹೊಸ ಬ್ರೇಕ್ ಹೋಸ್. ಒಳಗಿನ ರಬ್ಬರು ಕಳಪೆಯಾಗಿದ್ದರೆ ಬ್ರೇಕ್ ಆಯಿಲ್ಲಿಗೆ ಊದಿಕೊಂಡು ದಾರಿ ಕಿರಿದಾಗುತ್ತದೆ. ಪೆಡಲ್ ತುಳಿದಾಗಿನ ಒತ್ತಡಕ್ಕೆ ಆಯಿಲ್ಲು ನುಗ್ಗಿ ಹೋಗುತ್ತದೆ, ಕಾಲು ತೆಗೆದಾಗ ವಾಪಸು ಬರುವುದಿಲ್ಲ. ಒಂದು ಚಕ್ರ ಹಿಡಿದುಕೊಂಡೇ ಇರುತ್ತದೆ, ಡ್ರಮ್ಮು ಸುಡುತ್ತದೆ. ಹೊಸ ಹೋಸಿನ ಮೇಲೆ ಅನುಮಾನ ಬಾರದೆ ವ್ಹೀಲ್ ಸಿಲಿಂಡರ್, ಮಾಸ್ಟರ್ ಸಿಲಿಂಡರ್ ಎಲ್ಲ ಬಿಚ್ಚಿ ಹಾಕುವವರಿದ್ದಾರೆ. ಹಿಡಿದುಕೊಂಡ ಚಕ್ರದ ಬ್ಲೀಡಿಂಗ್ ನಿಪ್ಪಲ್ ಸಡಿಲಿಸಿ ನೋಡಿದರೆ ಚಿಮ್ಮುವ ಆಯಿಲ್ಲು ಹೇಳುತ್ತದೆ, ಒತ್ತಡ ಒಳಗೆ ಸಿಕ್ಕಿಕೊಂಡಿದೆ ಎಂದು. ಅದೇ ಪೈಪಿನ ಮೇಲ್ತುದಿ, ಹೋಸಿಗಿಂತ ಮುಂಚಿನ ಜೋಡಣೆ ಸಡಿಲಿಸಿದರೂ ಚಕ್ರ ಬಿಡದೆ, ಕೆಳತುದಿಯಲ್ಲಿ ಸಡಿಲಿಸಿದಾಗ ಮಾತ್ರ ಬಿಟ್ಟರೆ ಕಳ್ಳ ಹೋಸೇ.

2000ದ ಆಸುಪಾಸಿನಲ್ಲಿ ಹೊಗೆ ನಿಯಮಗಳು ಬಿಗಿಯಾದಂತೆ ಕಾರ್ಬುರೇಟರ್ ಹೋಗಿ ಇಂಜೆಕ್ಷನ್ ಬಂತು. ಪಾಯಿಂಟು, ಕಂಡೆನ್ಸರ್‌ಗಳ ಜಾಗದಲ್ಲಿ ಸೆನ್ಸರ್‌ಗಳು ಕೂತವು. ಹಿಂದೂಸ್ತಾನ್ ಮೋಟಾರ್ಸ್‌ನ ಉತ್ತರಪಾಡಾ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಈಗಿನ ಗ್ಯಾರೇಜಿನಲ್ಲಿ ಸ್ಕ್ಯಾನರ್ ಸಿಕ್ಕಿಸಿದರೆ ದೋಷದ ಸಂಖ್ಯೆ ಪರದೆಯ ಮೇಲೆ ಮೂಡುತ್ತದೆ. ಹಳೆಯ ಕಾಟವೂ ಹೊಸ ಅಂಗಿ ತೊಟ್ಟು ಅಲ್ಲೇ ಇದೆ. ಕ್ರ್ಯಾಂಕ್ ಸೆನ್ಸರ್ ಅಗ್ಗದ್ದಾದರೆ ಬಿಸಿಯಾದಾಗ ಒಳಗಿನ ಸುರುಳಿಯ ತಂತಿ ಬಿಟ್ಟು ಗಾಡಿ ನಿಲ್ಲುತ್ತದೆ, ತಣಿದಾಗ ಹೊರಡುತ್ತದೆ. ಏರಿನಲ್ಲಿ ನಿಂತ ಅಂಬಾಸಿಡರ್‌ನ ಕಥೆಯೇ. ಸ್ಕ್ಯಾನರ್ ‘ಕ್ರ್ಯಾಂಕ್ ಸೆನ್ಸರ್’ ಎಂದು ತೋರಿಸುತ್ತದೆ, ಮೆಕ್ಯಾನಿಕ್ ‘ಅದು ಮೊನ್ನೆ ತಾನೆ ಹೊಸದು ಹಾಕಿದ್ದು’ ಎಂದು ವೈರಿಂಗ್ ಹುಡುಕಲು ಹೊರಡುತ್ತಾನೆ. ಯಂತ್ರ ಸರಿಯಾಗಿಯೇ ಹೇಳಿದ್ದನ್ನು ಮನುಷ್ಯ ನಂಬುವುದಿಲ್ಲ. ಪೆಟ್ರೋಲಿನಲ್ಲಿ 20% ಎಥನಾಲ್ ಬೆರೆತ ಮೇಲೆ ಹಳೆಯ ಗಾಡಿಗಳ ರಬ್ಬರು ಪೈಪು ಬದಲಿಸುವವರು ಹೆಚ್ಚಿದ್ದಾರೆ. ಎಥನಾಲ್ ತಡೆಯುವ ರಬ್ಬರಿನದಲ್ಲದ ಹೊಸ ಪೈಪು ಹಾಕಿಸಿಕೊಂಡರೆ ಅದು ಒಳಗಿಂದ ಮೆತ್ತಗಾಗಿ, ಪುಡಿ ಕಳಚಿ, ಹಳೆಯದಕ್ಕಿಂತ ಮೊದಲೇ ಕೈಕೊಡುತ್ತದೆ.

ದೊಡ್ಡ ಕಂಪನಿಗಳ ಅಸಲಿ ಮಾಲಿಗೂ ಇದರಿಂದ ವಿನಾಯಿತಿ ಇಲ್ಲ. ಜಪಾನಿನ ತಕಾಟಾ ಕಂಪನಿಯ ಏರ್‌ಬ್ಯಾಗ್‌ಗಳು ಸ್ಫೋಟಿಸಿ ಜನರು ಸತ್ತ ಮೇಲೆ ಲೋಕದಾದ್ಯಂತ ಕೋಟಿಗಟ್ಟಲೆ ಕಾರುಗಳನ್ನು ವಾಪಸು ಕರೆದು ಹೊಸ ಭಾಗ ಹಾಕಿದರು. ಹಾಗೆ ಹಾಕಿದ ಹೊಸ ಭಾಗಗಳಲ್ಲೇ ಮೆಕ್ಸಿಕೊದ ಕಾರ್ಖಾನೆಯಲ್ಲಿ ಜೋಡಿಸುವಾಗ ತೇವ ಸೇರಿಕೊಂಡಿದ್ದದ್ದು ತಿಳಿದು, ಹೋಂಡಾ 2019ರಲ್ಲಿ ಉತ್ತರ ಅಮೆರಿಕದ ಹತ್ತು ಲಕ್ಷಕ್ಕೂ ಹೆಚ್ಚು ಕಾರುಗಳನ್ನು ಮತ್ತೊಮ್ಮೆ ಕರೆಸಬೇಕಾಯಿತು. ಭಾರತದಲ್ಲೂ ಅದೇ ವರ್ಷ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿಯಾಗಿ, ದೋಷವಿರುವ ವಾಹನಗಳನ್ನು ವಾಪಸು ಕರೆಸುವಂತೆ ಆದೇಶಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕೆ ಬಂತು. 2019ರದೇ ಗ್ರಾಹಕ ರಕ್ಷಣಾ ಕಾಯ್ದೆ ದೋಷಯುಕ್ತ ಉತ್ಪನ್ನದಿಂದಾದ ಹಾನಿಗೆ ತಯಾರಕನನ್ನೂ ಮಾರಿದವನನ್ನೂ ಹೊಣೆ ಮಾಡುವ ಅಧ್ಯಾಯವನ್ನೇ ಸೇರಿಸಿತು.

ಇಷ್ಟಾದರೂ ಸಣ್ಣ ಊರಿನ ಗ್ಯಾರೇಜಿನ ಲೆಕ್ಕಕ್ಕೆ ಈ ಕಾಯ್ದೆಗಳು ಇನ್ನೂ ಇಳಿದಿಲ್ಲ. ಹೊಸ ಭಾಗ ಕೆಟ್ಟರೆ ಅಂಗಡಿಯವನು ಹೆಚ್ಚೆಂದರೆ ಇನ್ನೊಂದನ್ನು ಕೊಡುತ್ತಾನೆ, ಅದೂ ಬಿಲ್ಲಿದ್ದರೆ. ಅದನ್ನು ಪತ್ತೆಮಾಡಲು ಹಿಡಿದ ಅರ್ಧ ದಿನ, ಎರಡನೇ ಸಲ ಬಿಚ್ಚಿ ಕೂರಿಸಿದ ಕೂಲಿ, ಬೆಟ್ಟದವರೆಗೆ ಹೋಗಿ ಬಂದ ಪೆಟ್ರೋಲು ಯಾರ ಬಿಲ್ಲಿನಲ್ಲೂ ಬರುವುದಿಲ್ಲ. ಗಿರಾಕಿ ಎರಡು ಸಲ ಕೂಲಿ ಕೊಡಲು ಒಪ್ಪುವುದಿಲ್ಲ, ಅವನ ಮಟ್ಟಿಗೆ ಅದು ನ್ಯಾಯವೇ. ಮೆಕ್ಯಾನಿಕ್ ತನ್ನ ಕೈಯಿಂದಲೇ ನಷ್ಟ ಭರಿಸುತ್ತಾನೆ, ಮೇಲೆ ಕೆಲಸ ಬಾರದವನೆಂಬ ಮಾತನ್ನೂ ಕೇಳುತ್ತಾನೆ. ಅದಕ್ಕೇ ಕೆಲವು ಗ್ಯಾರೇಜುಗಳಲ್ಲಿ ಈಗ ಸಾಮಾನನ್ನು ಗಿರಾಕಿಯ ಎದುರೇ ಡಬ್ಬಿ ಒಡೆದು ತೋರಿಸಿ, ಮೀಟರ್ ಹಿಡಿದು, ಬಿಲ್ಲಿನ ಮೇಲೆ ಅಂಗಡಿಯ ಹೆಸರೂ ತಾರೀಖೂ ಬರೆಸಿಕೊಂಡು, ಬಿಚ್ಚಿದ ಹಳೆಯ ಭಾಗವನ್ನು ಅದೇ ಡಬ್ಬಿಯಲ್ಲಿ ಹಾಕಿ ಗಾಡಿಯ ಡಿಕ್ಕಿಯಲ್ಲೇ ಇಟ್ಟು ಕಳಿಸುತ್ತಾರೆ.